ಹಲ್ಲು ಕೀಳಿಸಿಕೊಂಡ ದಿನ ದಯವಿಟ್ಟು ಉಗುಳಬೇಡಿ

ಹಲ್ಲು ಕೀಳಿಸಿಕೊಂಡು ಬಂದ ರಾತ್ರಿ ಹನ್ನೊಂದು ಗಂಟೆಗೆ ನಾನು ವಾಶ್‌ಬೇಸಿನ್ ಮುಂದೆ ನಿಂತಿದ್ದೆ. ಉಗುಳುವುದು, ಕೆಂಪು ನೋಡಿ ಹೆದರುವುದು, ಬಾಯಿ ಮುಕ್ಕಳಿಸುವುದು, ಮತ್ತೆ ಉಗುಳುವುದು. ರಕ್ತ ನಿಲ್ಲುತ್ತಲೇ ಇಲ್ಲ ಅಂತ ಗಾಬರಿ. ಅದನ್ನು ನಿಲ್ಲೋಕೆ ಬಿಡದೆ ಇದ್ದವನು ನಾನೇ ಅಂತ ಆಮೇಲೆ ಗೊತ್ತಾಯಿತು.

ಕೆಳಗಿನ ದವಡೆ ಹಲ್ಲು ಅದು. ಕಿತ್ತಿದ್ದು ಹತ್ತೇ ನಿಮಿಷದಲ್ಲಿ, ನೋವೂ ಆಗಲಿಲ್ಲ. ಗಾಜ್ ಬಟ್ಟೆ ಮಡಚಿ ಇಟ್ಟು 'ಕಚ್ಚಿಕೊಳ್ಳಿ' ಅಂದರು, ಮುಂದಿನವರನ್ನು ಕರೆದರು. ಎಷ್ಟು ಹೊತ್ತು, ಏನು ಮಾಡಬಾರದು ಅಂತ ಯಾರೂ ಹೇಳಲಿಲ್ಲ. ನಾನಾದರೂ ಕೇಳಬೇಕಿತ್ತು. ಅರ್ಧ ಬಾಯಿ ಮರಗಟ್ಟಿತ್ತು, ಸುಮ್ನೆ ತಲೆಯಾಡಿಸಿ ಬಂದುಬಿಟ್ಟೆ.

ಐದೈದು ನಿಮಿಷಕ್ಕೆ ಬಟ್ಟೆ ತೆಗೆದು ನೋಡುತ್ತಿದ್ದೆ. ತೆಗೆದಾಗಲೆಲ್ಲ ಅದಕ್ಕೆ ಅಂಟಿಕೊಂಡು ಕಪ್ಪುಗೆಂಪು ಲೋಳೆ ಬರುತ್ತಿತ್ತು. ಕೊಳೆ ಅಂದುಕೊಂಡು ಉಗಿದೆ. ಅದೇ ಹೆಪ್ಪುಗಟ್ಟಿದ ರಕ್ತ. ಗುಂಡಿಯನ್ನು ಮುಚ್ಚಿ ಒಳಗಿನ ಮೂಳೆ ಕಾಯಬೇಕಾದ್ದು ಅದೇ. ಉಗಿದರೂ, ಸ್ಟ್ರಾದಲ್ಲಿ ಹೀರಿದರೂ, ಸಿಗರೇಟ್ ಎಳೆದರೂ ಅದು ಕಿತ್ತು ಬರಬಹುದು. ಮೊದಲ 24 ಗಂಟೆ ಮುಕ್ಕಳಿಸಲೇಬಾರದಂತೆ. ನಾನು ಅಷ್ಟರಲ್ಲಿ ಹತ್ತು ಸಲ ಮುಕ್ಕಳಿಸಿದ್ದೆ.

ಮರಗಟ್ಟಿದ್ದು ಬಿಟ್ಟ ಮೇಲೆ ರಕ್ತ ಜಾಸ್ತಿಯಾಯಿತು. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಇರುತ್ತೆ, ಅದು ರಕ್ತನಾಳಗಳನ್ನು ಬಿಗಿ ಮಾಡಿರುತ್ತೆ. ಅದರ ಪ್ರಭಾವ ಇಳಿದಾಗ ನಾಳಗಳು ಮತ್ತೆ ಸಡಿಲವಾಗುತ್ತವೆ. ಸಂಜೆ ಕೀಳಿಸಿಕೊಂಡವರಿಗೆ ಇದು ಕ್ಲಿನಿಕ್ ಮುಚ್ಚಿದ ಮೇಲೆ ಶುರುವಾಗುತ್ತೆ. ನನಗೆ ಆಗಿದ್ದೂ ಅದೇ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದಿನ ಎರಡು ದಿನ ನೋವು ತಡೆಯಲಾಗದೆ ಆಸ್ಪಿರಿನ್ ನುಂಗಿದ್ದೆ, ಡಾಕ್ಟರಿಗೆ ಹೇಳಿರಲಿಲ್ಲ. ಅದು ರಕ್ತ ಹೆಪ್ಪುಗಟ್ಟೋದನ್ನು ತಡ ಮಾಡುತ್ತೆ, ಆ ಪರಿಣಾಮ ಪೂರ್ತಿ ಹೋಗಲು ವಾರದ ಮೇಲಾಗುತ್ತೆ. ಹಾಗಂತ ಹೃದಯಕ್ಕೋ ಇನ್ನೊಂದಕ್ಕೋ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ತಾವೇ ನಿಲ್ಲಿಸಬೇಡಿ, ಅದು ಇದಕ್ಕಿಂತ ದೊಡ್ಡ ಅಪಾಯ. ಹಲ್ಲು ಕೀಳುವ ಮೊದಲೇ ಹೇಳಿ, ಸಾಕು.

ಕೊನೆಗೆ ಮಧ್ಯರಾತ್ರಿ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ಡಾಕ್ಟರ್ ಬಾಯಿ ನೋಡಿ ನಕ್ಕರು. 'ಒಂದು ಹನಿ ರಕ್ತ ಸಾಕು, ಬಾಯಿ ತುಂಬ ಎಂಜಲು ಕೆಂಪಾಗುತ್ತೆ' ಅಂದರು. ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ದಪ್ಪಗೆ ಮಡಚಿ ಸರಿಯಾಗಿ ಗುಂಡಿಯ ಮೇಲೆ ಕೂರಿಸಿದರು. ನಾನು ತೆಳುವಾಗಿ ಇಟ್ಟುಕೊಂಡಿದ್ದರಿಂದ ಪಕ್ಕದ ಹಲ್ಲುಗಳು ಮಾತ್ರ ಒಂದಕ್ಕೊಂದು ತಾಗುತ್ತಿದ್ದವಂತೆ, ಗಾಯದ ಮೇಲೆ ಒತ್ತಡವೇ ಬಿದ್ದಿರಲಿಲ್ಲ. 'ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ. ಮಾತು ಬೇಡ. ತೆಗೆದು ನೋಡಬೇಡಿ, ಗಡಿಯಾರ ನೋಡಿ.' ಅರ್ಧ ಗಂಟೆಗೆ ನಿಂತಿತು. ಇಷ್ಟೇನಾ ಅಂತ ನಾಚಿಕೆಯಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರನೇ ದಿನ ಕಿವಿಯವರೆಗೂ ಸಿಡಿಯುವ ನೋವು, ಬಾಯಲ್ಲಿ ಕೆಟ್ಟ ವಾಸನೆ. ಹಲ್ಲು ಇದ್ದಾಗಲೂ ಅಷ್ಟು ನೋವಿರಲಿಲ್ಲ. ಡ್ರೈ ಸಾಕೆಟ್ ಅಂತಾರೆ, ಹೆಪ್ಪು ಹೋಗಿ ಮೂಳೆ ಬಯಲಾಗಿತ್ತು. ಗುಂಡಿ ತೊಳೆದು, ಲವಂಗದ ವಾಸನೆಯ ಔಷಧಿ ತುಂಬಿದರು. ಸ್ವಲ್ಪ ಹೊತ್ತಿನಲ್ಲೇ ಜೀವ ಬಂದಂತಾಯಿತು. ಆಮೇಲೆ ಎರಡು ಸಲ ಹೋಗಿ ಬದಲಾಯಿಸಿಕೊಂಡು ಬಂದೆ. ಉಗುರುಬೆಚ್ಚನೆಯ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಹೊರಳಿಸಿ, ತಲೆ ಬಗ್ಗಿಸಿ ತಾನಾಗೇ ಸುರಿದುಹೋಗಲು ಬಿಡುವುದನ್ನೂ ಅಲ್ಲೇ ಕಲಿತೆ.

ಮೊದಲ ದಿನ ಎಂಜಲಿನಲ್ಲಿ ತಿಳಿಗೆಂಪು ಕಂಡರೆ ಹೆದರಬೇಡಿ. ಮೇಲೆ ಹೇಳಿದ ಹಾಗೆ ಒತ್ತಿ ಹಿಡಿದರೂ ಬಾಯಿ ತುಂಬುವಂತೆ ರಕ್ತ ಬರುತ್ತಿದ್ದರೆ, ಜ್ವರ ಬಂದರೆ, ಊತ ದಿನದಿಂದ ದಿನಕ್ಕೆ ಏರಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಆ ಕಡೆಯ ಹಲ್ಲೂ ತೆಗೆಸಬೇಕಿದೆ. ಈ ಸಲ ಬೆಳಿಗ್ಗೆಯೇ ಸಮಯ ಕೇಳಿದ್ದೇನೆ. ರಕ್ತ ಬಂದರೆ ಸಂಜೆಯವರೆಗೂ ಅವರ ಬಾಗಿಲು ತೆಗೆದಿರುತ್ತೆ, ಅಲ್ವಾ.