ಒಂದು ಕ್ಯಾರೆಟ್ ಎಂದು ಕೊಂಡ ಉಂಗುರದಲ್ಲಿ ಐದು ವಜ್ರ: ದುಡ್ಡು ಕೊಡುವ ಮುಂಚೆ ತಿರುಗಿಸಿ ನೋಡಿ

ಬೆಂಗಳೂರಿನ ಒಂದು ಕುಟುಂಬ ನಿಶ್ಚಿತಾರ್ಥಕ್ಕೆ ಕೊಂಡಿದ್ದ ವಜ್ರದ ಉಂಗುರವನ್ನು ಮಾರಲು ಬೇರೆ ಅಂಗಡಿಗೆ ಒಯ್ದಾಗ, ಅಲ್ಲಿಯವರು ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ನೋಡಿ "ಇದರಲ್ಲಿ ಒಂದು ಕ್ಯಾರೆಟ್ ಕಲ್ಲೇ ಇಲ್ಲವಲ್ಲ" ಎಂದರು. ಮನೆಯವರ ಲೆಕ್ಕದಲ್ಲಿ ಅದು ಒಂದು ಕ್ಯಾರೆಟ್ಟಿನ ಸಾಲಿಟೇರ್, ಅಂದರೆ ಒಂಟಿ ಕಲ್ಲು. ವಜ್ರದ ತೂಕದಲ್ಲಿ ಒಂದು ಕ್ಯಾರೆಟ್ ಎಂದರೆ ನೂರು ಸೆಂಟ್. ಅಲ್ಲಿದ್ದದ್ದು ಐದು ಕಲ್ಲು: ನಡುವೆ 14 ಸೆಂಟಿನ ಚೌಕ ಪ್ರಿನ್ಸೆಸ್ ಒಂದು, ಅದರ ನಾಲ್ಕು ಬದಿಗೆ ತಲಾ 7 ಸೆಂಟಿನ, ಎರಡೂ ತುದಿ ಚೂಪಾದ ಮಾರ್ಕೀಸ್ ನಾಲ್ಕು. ಒಟ್ಟು 42 ಸೆಂಟ್. ವಜ್ರ ನಕಲಿಯಲ್ಲ, ಚಿನ್ನಕ್ಕೆ ಹಾಲ್‌ಮಾರ್ಕ್ ಇದೆ, ಜೊತೆಗೆ ಸರ್ಟಿಫಿಕೇಟ್ ಕಾರ್ಡೂ ಇದೆ. ಜಗಳಕ್ಕೆ ಹೋದರೆ ಮೊದಲ ಅಂಗಡಿಯವರು ತೋರಿಸುವುದು ಅದೇ ಕಾರ್ಡನ್ನು. ಅದರಲ್ಲಿ ಸಣ್ಣಕ್ಷರದಲ್ಲಿ ಕಲ್ಲು 5, ಒಟ್ಟು ತೂಕ 0.42 ಎಂದು ಮೊದಲಿನಿಂದಲೂ ಇತ್ತು.

ಇದಕ್ಕೆ ವ್ಯಾಪಾರದಲ್ಲಿ ಪ್ರೆಷರ್ ಸೆಟ್ಟಿಂಗ್ ಎನ್ನುತ್ತಾರೆ. ಮಾರುವಾಗಿನ ಹೆಸರು 'ಸಾಲಿಟೇರ್ ಲುಕ್' ಅಥವಾ 'ಒನ್ ಕ್ಯಾರೆಟ್ ಲುಕ್'. ಕಲ್ಲು ಹಿಡಿದಿಡುವ ಚಿನ್ನದ ಮುಳ್ಳು ಕಲ್ಲುಗಳ ನಡುವೆ ಬಾರದಂತೆ ಒಂದಕ್ಕೊಂದು ಒತ್ತಿ ಕೂರಿಸಿರುತ್ತಾರೆ. ಮೇಲಿನಿಂದ ಎರಡಡಿ ದೂರದಲ್ಲಿ ಒಂದೇ ದುಂಡು ಕಲ್ಲು. ಹೀಗೆ ಮಾಡುವುದು ತಪ್ಪೇನಲ್ಲ. ಕಡಿಮೆ ಖರ್ಚಿನಲ್ಲಿ ದೊಡ್ಡದಾಗಿ ಕಾಣಬೇಕು ಎನ್ನುವವರಿಗೆ ಚೆಂದದ ಒಡವೆಯೇ. ಬಾಯಿಮಾತಿನಲ್ಲಿ 'ಲುಕ್' ಬಿಟ್ಟುಹೋಗಿ 'ಸಾಲಿಟೇರ್' ಮಾತ್ರ ಉಳಿದಾಗ ಮೋಸವಾಗುತ್ತದೆ.

ಒಂಟಿ ಕಲ್ಲಿಗೂ ಹೀಗೆ ಜೋಡಿಸಿದ ಕಲ್ಲುಗಳಿಗೂ ದರದಲ್ಲಿ ತುಂಬ ವ್ಯತ್ಯಾಸ ಇರುತ್ತದೆ, ಏಕೆಂದರೆ ವಜ್ರದ ಬೆಲೆ ತೂಕಕ್ಕೆ ಸಮನಾಗಿ ಏರುವುದಿಲ್ಲ. ಒಂಟಿ ಕಲ್ಲು 30 ಸೆಂಟ್, 50 ಸೆಂಟ್, ಒಂದು ಕ್ಯಾರೆಟ್ ಹೀಗೆ ಒಂದೊಂದು ಮೆಟ್ಟಿಲು ದಾಟಿದಾಗಲೂ ಪ್ರತಿ ಸೆಂಟಿನ ದರವೇ ಜಿಗಿಯುತ್ತದೆ. 7 ಸೆಂಟಿನ ಕಲ್ಲನ್ನು ಎಷ್ಟು ಕೂಡಿಸಿದರೂ ಸಿಗುವುದು ಸಣ್ಣ ಕಲ್ಲಿನ ದರ. ವಾಪಸ್ ಕೊಳ್ಳುವವರು ಲೆಕ್ಕ ಹಾಕುವುದು ಹೀಗೆಯೇ.

ಗುರುತಿಸಲು ಎಲ್ಲಕ್ಕಿಂತ ಸುಲಭದ ದಾರಿ, ಉಂಗುರ ತಿರುಗಿಸಿ ಹಿಂಬದಿ ನೋಡುವುದು. ಒಂಟಿ ಕಲ್ಲಾದರೆ ಒಂದೇ ಚೂಪು ತಳ ಕಾಣುತ್ತದೆ. ಪ್ರೆಷರ್ ಸೆಟ್ಟಿಂಗ್ ಆದರೆ ಕಲ್ಲಿಗೊಂದರಂತೆ ತಳವೂ ಐದು ಇರುತ್ತವೆ. ಹಿಂಬದಿ ಜಾಲಿಯಿಂದಲೋ ತಗಡಿನಿಂದಲೋ ಮುಚ್ಚಿದ್ದರೆ ಅದೇ ಪ್ರಶ್ನೆ ಕೇಳಲು ಕಾರಣ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೇಳಿ ಪಡೆದು, ಕಲ್ಲನ್ನು ಒರೆಸಿ, ಮೇಲಿನಿಂದ ನೋಡಿ. ಬ್ರಿಲಿಯಂಟ್ ಎನ್ನುವ ಸಾಮಾನ್ಯ ದುಂಡು ಕಲ್ಲಿನ ನೆತ್ತಿಯಲ್ಲಿ ಎಂಟು ಅಂಚಿನ ಒಂದೇ ಒಂದು ಚಪ್ಪಟೆ ಮುಖ ಇರುತ್ತದೆ, ಅದು ಟೇಬಲ್. ಅದರ ಸುತ್ತ ಎಂಟು ಪುಟ್ಟ ತ್ರಿಕೋನ, ಅವುಗಳ ನಡುವಿನಿಂದ ಇಳಿಯುವ ಎಂಟು ದೊಡ್ಡ ಮುಖ, ಅಂಚಿಗೆ ಹದಿನಾರು. ಮೇಲೆ ಒಟ್ಟು 33, ಕೆಳಗೆ 24, ಸೇರಿ 57. ತಳದ ಚೂಪನ್ನು ಸಾಣೆ ಹಿಡಿದು ಮಟ್ಟ ಮಾಡಿದ್ದರೆ 58. ಆ ಉಂಗುರದಲ್ಲಿ ಟೇಬಲ್ ಐದಿದ್ದವು, ನಡುವಿನದು ಚೌಕ, ಅದರ ಮೂಲೆಗಳಿಂದ ಹೊರಗೆ ಓಡುವ ನಾಲ್ಕು ಗೆರೆ. ಒಮ್ಮೆ ಕಂಡ ಮೇಲೆ ಆ ಗೆರೆಗಳು ಬರಿಗಣ್ಣಿಗೂ ತಪ್ಪುವುದಿಲ್ಲ.

ಲೂಪ್ ಹಿಡಿಯುವುದು ಕೈಗೆ ಕೂಡದಿದ್ದರೆ ಅಳತೆ ನಂಬಿ. ಚೆನ್ನಾಗಿ ಕಟ್ ಮಾಡಿದ ಒಂದು ಕ್ಯಾರೆಟ್ ದುಂಡು ಕಲ್ಲು ಸುಮಾರು 6.5 ಮಿ.ಮೀ. ಅಗಲ, 50 ಸೆಂಟ್ ಸುಮಾರು 5.1, 30 ಸೆಂಟ್ 4.3. ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಆಳದಿಂದ, ಕೊನೆಗೆ 0.0061ರಿಂದ ಗುಣಿಸಿದರೆ ಕ್ಯಾರೆಟ್ ಅಂದಾಜು ಸಿಗುತ್ತದೆ: 6.5, 6.5 ಮತ್ತು 4.0 ಹಾಕಿದರೆ 1.03. ಈ ಲೆಕ್ಕ ದುಂಡು ಕಲ್ಲಿಗೆ ಮಾತ್ರ. ಅಗಲವೊಂದನ್ನೇ ನೋಡಿ ಮೋಸಹೋಗಬೇಡಿ. ಆ ಉಂಗುರದ ಮುಖವೂ ಆರೂವರೆ ಮಿ.ಮೀ. ಮೇಲೆಯೇ ಇತ್ತು. ಅಗಲ ಮತ್ತು ಬಿಲ್ಲಿನ ತೂಕ ಎರಡನ್ನೂ ಪಕ್ಕಪಕ್ಕ ಇಡಬೇಕು. 42 ಸೆಂಟಿನ ಒಂಟಿ ದುಂಡು ಕಲ್ಲು 4.8 ಮಿ.ಮೀ. ಆಸುಪಾಸು ಇರಬೇಕೇ ಹೊರತು ಆರೂವರೆ ಆಗಲಾರದು. ತದ್ವಿರುದ್ಧವೂ ಉಂಟು: ಒಂದು ಕ್ಯಾರೆಟ್ ತೂಗುವ ಕಲ್ಲು 6.2 ಮಾತ್ರ ಇದ್ದರೆ ಭಾರವೆಲ್ಲ ತಳದಲ್ಲಿ ಅಡಗಿದೆ ಎಂದರ್ಥ. ಒಳ್ಳೆಯ ಕಟ್ಟಿನ 90 ಸೆಂಟೇ ಅಷ್ಟು ಅಗಲ ಬರುತ್ತದೆ. ತಳ ಅತಿಯಾಗಿ ಆಳವಾದರೆ ಕಲ್ಲಿನ ನಡುಭಾಗ ಕಪ್ಪಾಗಿ ಕಾಣುತ್ತದೆ. ತೀರಾ ತೆಳುವಾದರೆ ಕಲ್ಲಿನ ಸುತ್ತಂಚಿನ ಪ್ರತಿಬಿಂಬವೇ ಟೇಬಲ್ಲಿನೊಳಗೆ ಬೂದು ಬಳೆಯಾಗಿ ಮೂಡುತ್ತದೆ. ಎರಡರಲ್ಲೂ ಬೆಳಕು ಪೂರ್ತಿ ಮೇಲಕ್ಕೆ ಮರಳದೆ ಕೆಳಗೋ ಪಕ್ಕಕ್ಕೋ ಸೋರಿಹೋಗುತ್ತದೆ. ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿ ಕೊಟ್ಟ ಕೋನಗಳು, ತಳಕ್ಕೆ 40.75 ಡಿಗ್ರಿ, ಮೇಲ್ಭಾಗಕ್ಕೆ 34.5, ಇಂದಿಗೂ ಅಳತೆಗೋಲು.

ಆಕಾರ ಬೇರೆ, ಕಟ್ ಬೇರೆ ಎಂಬುದನ್ನು ಅಂಗಡಿಯಲ್ಲಿ ಬೇಕೆಂದೇ ಕಲಸಿಬಿಡುತ್ತಾರೆ. ದುಂಡು, ಚೌಕ, ಓವಲ್, ಪಿಯರ್ ಇವು ಆಕಾರ. ಆ ಆಕಾರವನ್ನು ಎಷ್ಟು ಸರಿಯಾದ ಅಳತೆಗೆ ಸಾಣೆ ಹಿಡಿದಿದ್ದಾರೆ ಎಂಬುದು ಕಟ್. ವಜ್ರ ಪರೀಕ್ಷಿಸಿ ವರದಿ ಕೊಡುವ ಜಿಐಎ ಸಂಸ್ಥೆ ಕಟ್‌ಗೆ ದರ್ಜೆ ಕೊಡುವುದು ದುಂಡು ಬ್ರಿಲಿಯಂಟ್‌ಗೆ. ಪ್ರಿನ್ಸೆಸ್ಸಿಗೋ ಓವಲ್ಲಿಗೋ "ಜಿಐಎ ಎಕ್ಸೆಲೆಂಟ್" ಎಂದರೆ, ಅದು ಪಾಲಿಷ್ ಅಥವಾ ಸಿಮೆಟ್ರಿಯ ದರ್ಜೆಯೇ ಎಂದು ವರದಿಯ ಸಾಲಿನ ಮೇಲೆ ಬೆರಳಿಟ್ಟು ಕೇಳಿ. 'ಬೆಲ್ಜಿಯಂ ಕಟ್' ಎಂಬುದು ದರ್ಜೆಯೇ ಅಲ್ಲ, ಮಾರುವ ಮಾತು.

ಓವಲ್, ಪಿಯರ್ ಮತ್ತು ಎರಡೂ ತುದಿ ಚೂಪಾದ ಮಾರ್ಕೀಸ್ ಕಲ್ಲುಗಳ ನಡುವೆ ಅಡ್ಡಲಾಗಿ ಕಪ್ಪು ಬೋ ಟೈ ಆಕಾರದ ನೆರಳು ಬರುತ್ತದೆ. ಸ್ವಲ್ಪ ಇದ್ದೇ ಇರುತ್ತದೆ; ಉಂಗುರ ಅತ್ತಿತ್ತ ಆಡಿಸಿದರೂ ಚೆದುರದಿದ್ದರೆ ಬೇಡ. ಅಂಗಡಿಯ ಸ್ಪಾಟ್‌ಲೈಟಿನ ಅಡಿಯಲ್ಲಿ ಇದು ಕಾಣುವುದಿಲ್ಲ, ಬಾಗಿಲ ಬಳಿ ಹಗಲು ಬೆಳಕಿಗೆ ಬನ್ನಿ. ಎಮರಾಲ್ಡ್ ಕಟ್ ಎನ್ನುವ ಆಯತಾಕಾರದ ವಜ್ರದಲ್ಲಿ ಮುಖಗಳು ಮೆಟ್ಟಿಲಿನಂತೆ ಉದ್ದುದ್ದ ಇರುವುದರಿಂದ ಒಳಗಿನ ಕಲೆ ಬೇಗ ಕಣ್ಣಿಗೆ ಬೀಳುತ್ತದೆ. ಪ್ರಿನ್ಸೆಸ್ಸಿನ ನಾಲ್ಕು ಮೂಲೆಯೂ ಚೂಪು. ಮೂಲೆಗೆ ವಿ ಆಕಾರದ ಮುಳ್ಳು ಹಾಕಿರದಿದ್ದರೆ ಗ್ರಾನೈಟ್ ಕಟ್ಟೆಗೆ ತಗುಲಿದ ಒಂದೇ ಏಟಿಗೆ ಚಕ್ಕೆ ಏಳಬಹುದು. ವಜ್ರ ಗಡಸು ನಿಜ, ಆದರೆ ಸೀಳುವ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ತಡೆಯದು.

ನಮ್ಮ ಕಡೆಯ ಮೂಗುಬೊಟ್ಟು, ಏಳು ಕಲ್ಲಿನ ಬೆಂಡೋಲೆ ವಿಷಯಕ್ಕೆ ಬಂದರೆ ಇನ್ನೂ ಎರಡು ಎಚ್ಚರಿಕೆ. ಹಿಂಬದಿ ಚಿನ್ನದಿಂದ ಪೂರ್ತಿ ಮುಚ್ಚಿದ ಕ್ಲೋಸ್ಡ್ ಸೆಟ್ಟಿಂಗ್‌ನಲ್ಲಿ ಕಲ್ಲಿನ ಆಳ, ತಳ ಯಾವುದೂ ಕಾಣುವುದಿಲ್ಲ. ಆದ್ದರಿಂದ ಕೂರಿಸುವ ಮುಂಚೆಯೇ ಬಿಡಿ ಕಲ್ಲು ತೂಗಿಸಿ, ನೋಡಿ, ಬರೆಸಿಕೊಳ್ಳಿ. ಎರಡನೆಯದು, ಸಣ್ಣ ಕಲ್ಲುಗಳಲ್ಲಿ 57 ಮುಖದ ಫುಲ್ ಕಟ್ ಬದಲು 17 ಮುಖದ ಸಿಂಗಲ್ ಕಟ್ ಸೇರಿಸುತ್ತಾರೆ. ಲೂಪಿನಲ್ಲಿ ಟೇಬಲ್ಲಿನಿಂದ ಅಂಚಿನವರೆಗೆ ಒಟ್ಟು ಎಂಟೇ ಮುಖ ಕಂಡರೆ ಅದು ಸಿಂಗಲ್ ಕಟ್. ಸಾಣೆಯ ಕೆಲಸ ಕಡಿಮೆ, ಕಲ್ಲಿನ ಮಿಂಚೂ ಬೇರೆ. ಫುಲ್ ಕಟ್ ದರ ಕೇಳಿದರೆ ಒಪ್ಪಬೇಡಿ.

ಹಾಲ್‌ಮಾರ್ಕ್ ಮತ್ತು ಒಡವೆಯ ಮೇಲಿನ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಎಚ್‌ಯುಐಡಿ ಚಿನ್ನದ ಶುದ್ಧತೆಗೆ ಮಾತ್ರ. ಕಲ್ಲಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಬಿಲ್ಲಿನಲ್ಲಿ "ಡೈಮಂಡ್ 0.42" ಎಂದಷ್ಟೇ ಇದ್ದರೆ ಸಾಲದು, ಎಷ್ಟು ಕಲ್ಲು, ಪ್ರತಿಯೊಂದರ ಆಕಾರ ಮತ್ತು ತೂಕ, ಬಣ್ಣ, ಶುದ್ಧತೆಯ ದರ್ಜೆ, ಗಣಿಯಲ್ಲಿ ಸಿಕ್ಕಿದ್ದೋ ಲ್ಯಾಬ್‌ನಲ್ಲಿ ಬೆಳೆಸಿದ್ದೋ, ವಾಪಸ್ ಕೊಳ್ಳುವ ದರ ಯಾವುದರ ಮೇಲೆ, ಇಷ್ಟೂ ಬರೆಸಿ. ಒಂಟಿ ಕಲ್ಲಿನ ವರದಿಯಾದರೆ ಅದರ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ಹಾಕಿ ನೋಡಿ. ಕಲ್ಲಿನ ನಡುವಿನ ಅಂಚಿನಲ್ಲಿ ಲೇಸರ್‌ನಿಂದ ಬರೆದ ಸಂಖ್ಯೆ ಇದ್ದರೆ ಎರಡೂ ತಾಳೆಯಾಗಬೇಕು.

ಈಗಾಗಲೇ ಕೊಂಡವರು ಬಿಲ್, ಕಾರ್ಡ್, ಜಾಹೀರಾತಿನ ಫೋಟೊ, ಅಂಗಡಿಯವರ ವಾಟ್ಸ್ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. 'ಸಾಲಿಟೇರ್' ಎಂದು ಅವರು ಬರೆದು ಕಳಿಸಿದ್ದರೆ ಆ ಒಂದು ಸಾಲೇ ಸಾಕ್ಷಿ. ಬೇರೆ ಕಡೆ ಪರೀಕ್ಷೆ ಮಾಡಿಸಿ ಲಿಖಿತ ವರದಿ ಪಡೆಯಿರಿ, ಕಲ್ಲು ಬಿಚ್ಚಲು ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.