ವಾಟ್ಸಾಪ್: ಕೆಲಸದ ಮಾತಿಗೆ ಸೈ, ಮನಸ್ಸಿನ ಮಾತಿಗೆ ಅಷ್ಟಕ್ಕಷ್ಟೆ

ಇಷ್ಟು ವರ್ಷದ ಮೇಲೆ ವಾಟ್ಸಾಪ್‌ಗೆ ವಿಮರ್ಶೆ ಯಾಕೆ ಅಂತೀರಾ? ಫೋನಿನ ಕ್ಯಾಮೆರಾ, ಬ್ಯಾಟರಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ಈ ಆ್ಯಪ್ ಬಂದ ಮೇಲೆ ನಮ್ಮ ಮನೆಗಳ ಮಾತುಕತೆ ಏನಾಯ್ತು ಅನ್ನೋದಕ್ಕೆ ಯಾರೂ ಸ್ಟಾರ್ ಕೊಡುವುದಿಲ್ಲ. ನನ್ನದು ಐದಕ್ಕೆ ಮೂರು.

ಕೆಲಸದ ಮಾತಿಗೆ ಇದನ್ನು ಬಿಟ್ಟರಿಲ್ಲ. ಲೊಕೇಶನ್ ಕಳಿಸು, ಬರ್ತಾ ಹಾಲು ತಾ, ಬಸ್ ಲೇಟು. ಮುಗೀತು. ತಾಪತ್ರಯ ಇರುವುದು ಬೇರೆ ಕಡೆ. 2014ರ ನವೆಂಬರ್‌ನಲ್ಲಿ ನೀಲಿ ಟಿಕ್ ಬಂತು ನೋಡಿ, ಅಲ್ಲಿಯವರೆಗೆ 'ನೋಡಿರಲಿಲ್ಲ ಕಣೋ' ಅಂದರೆ ನಡೆಯುತ್ತಿತ್ತು, ಆಮೇಲೆ ಆ ಚಿಕ್ಕ ಸುಳ್ಳಿಗೂ ಜಾಗವಿಲ್ಲದೆ 'ನೋಡಿಯೂ ಉತ್ತರ ಕೊಟ್ಟಿಲ್ಲ' ಅನ್ನುವ ಹೊಸ ಮುನಿಸು ಹುಟ್ಟಿಕೊಂಡಿತು. ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬಹುದು, ಆದರೆ ಆಗ ಬೇರೆಯವರ ನೀಲಿ ಟಿಕ್ ನಿಮಗೂ ಕಾಣುವುದಿಲ್ಲ. ಗ್ರೂಪ್‌ಗಳಲ್ಲಂತೂ ಆಫ್ ಆಗುವುದೇ ಇಲ್ಲ.

ಡಿಲೀಟ್ ಮಾಡುವುದು ಇನ್ನೂ ತಮಾಷೆ. ಸಿಟ್ಟಿನಲ್ಲಿ ಬರೆದಿದ್ದನ್ನು ಅಳಿಸಿದರೆ, ಅಳಿಸಿದ್ದಾರೆ ಅನ್ನುವ ಗುರುತು ಅಲ್ಲೇ ಉಳಿಯುತ್ತದೆ. 'ಏನು ಬರೆದಿದ್ದೆ, ಹೇಳು' ಅಂತ ಎರಡನೇ ಜಗಳ ಶುರು. ಎದುರಿಗೆ ಕೂತಿದ್ದರೆ ಮುಖ ನೋಡಿಯೇ ಮಾತು ಅರ್ಧಕ್ಕೆ ನುಂಗುತ್ತಿದ್ದೆವು, ಅಲ್ವಾ?

ನನಗೆ ಜಾಸ್ತಿ ಬೇಜಾರು ಮದುವೆ ಕರೆಯೋಲೆಯದು. ಪಿಡಿಎಫ್ ಬರುತ್ತದೆ, ಕೆಳಗೆ 'ಇದನ್ನೇ ಖುದ್ದು ಕರೆ ಅಂತ ತಿಳಿದು ಬನ್ನಿ'. ಮೊದಲು ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು, ಅಕ್ಷತೆ ಕೊಟ್ಟು ಕರೆಯುತ್ತಿದ್ದರು. ಕಾಫಿ ಆಗುವಷ್ಟರಲ್ಲಿ ಯಾವುದೋ ಹಳೇ ಆಸ್ತಿ ಜಗಳದ ಬಿಗುಮಾನವೂ ಸುಮ್ನೆ ಸಡಿಲವಾಗುತ್ತಿತ್ತು, ಯಾರೂ ಅದರ ಹೆಸರೆತ್ತದೆಯೇ. ಪಿಡಿಎಫ್‌ಗೆ ನಾವು ಕೈ ಮುಗಿಯುವ ಎಮೋಜಿ ಹಾಕುತ್ತೇವೆ. ನಮ್ಮ ಅತ್ತೆ ಮಾತ್ರ 'ಕರೆಯೋಕೂ ಬರಲಿಲ್ಲ' ಅಂತ ಇವತ್ತಿಗೂ ಗೊಣಗುತ್ತಾರೆ, ಮದುವೆಗೂ ಹೋಗಲಿಲ್ಲ.

ಮೆಚ್ಚಿದ್ದು ವಾಯ್ಸ್ ಮೆಸೇಜ್. 2013ರಿಂದ ಇದೆ. ದನಿ ಕೇಳಿದರೆ ಕೋಪವೋ ತಮಾಷೆಯೋ ತಿಳಿಯುತ್ತದೆ, ಟೈಪ್ ಮಾಡಲು ಬಾರದ ಹಿರಿಯರಿಗೂ ಸಲೀಸು. ಅಮ್ಮನ ಮೆಸೇಜನ್ನೂ ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುವವರಿದ್ದಾರೆ, ಅವರಿಗೆ ಏನು ಹೇಳೋಣ!

ಒಂದೇ ಮನೆಯಲ್ಲಿದ್ದು ಮಹಡಿಯಿಂದ ಅಡುಗೆಮನೆಗೆ 'ಊಟ ರೆಡಿನಾ' ಅಂತ ಮೆಸೇಜ್ ಹಾಕುವವರು ನನ್ನ ರೇಟಿಂಗ್‌ನಿಂದ ಒಂದು ಸ್ಟಾರ್ ಕಳೆದುಕೊಳ್ಳಿ. ಮಕ್ಕಳು ದೂರದೇಶದಲ್ಲಿದ್ದರೆ ಒಂದು ಸೇರಿಸಿಕೊಳ್ಳಿ, ವಿಡಿಯೊ ಕಾಲ್ ಒಂದಕ್ಕೇ.