ಸಿ-ಸ್ಪ್ಯಾನ್ ವಿಡಿಯೋ ಲೈಬ್ರರಿ: ಆಡಿದ ಮಾತು, ತಾರೀಖಿನ ಸಮೇತ

ಅಮೆರಿಕದ ರಾಜಕೀಯ ಸುದ್ದಿ ನೋಡಿ ನೋಡಿ ಯಾರನ್ನು ನಂಬಬೇಕೋ ತಿಳಿಯದೆ ಬೇಸತ್ತವರಿಗೆ ನಾನು ಹೇಳುವ ಹೆಸರು ಒಂದೇ, ಅಮೆರಿಕದ ಸಂಸತ್ತಿನ ಕಲಾಪವನ್ನು ಕತ್ತರಿಸದೆ ತೋರಿಸುವ ಸಿ-ಸ್ಪ್ಯಾನ್. ಅದರಲ್ಲೂ ಟಿವಿ ಚಾನೆಲ್‌ಗಿಂತ ಅವರ ವಿಡಿಯೋ ಲೈಬ್ರರಿ. ಇಂಟರ್‌ನೆಟ್ ಇದ್ದರೆ ಸಾಕು, ಹಳೆಯ ವಿಡಿಯೋಗಳನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಆ ಅರ್ಧ ಯಾಕೆ ಹಿಡಿದುಕೊಂಡೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾನು ಹಾಸನದವಳು, ಮಿಷಿಗನ್‌ನಲ್ಲಿ ಫಾರ್ಮಸಿಸ್ಟ್. ಇಲ್ಲಿನ ಪೌರತ್ವ ತೆಗೆದುಕೊಂಡಿದ್ದೇನೆ, ಓಟು ಹಾಕುತ್ತೇನೆ. ನಮ್ಮ ಮನೆಯಲ್ಲಿ ಗಂಡ ಬಲಪಂಥೀಯ ಒಲವಿನ ಫಾಕ್ಸ್ ನ್ಯೂಸ್ ನೋಡುತ್ತಾರೆ. ಮಗಳು ನೋಡುವುದು ಉದಾರವಾದಿ ಒಲವಿನ ಎಂಎಸ್‌ಎನ್‌ಬಿಸಿ, 2025ರ ನವೆಂಬರಿನಿಂದ ಅದರ ಹೆಸರು ಎಂಎಸ್ ನೌ. ಊಟಕ್ಕೆ ಕೂತರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸುಳ್ಳು. ಕನ್ನಡ ಸಂಘದ ಯುಗಾದಿ ಊಟದಲ್ಲೂ ಇದೇ ಕಥೆ, ಹೋಳಿಗೆ ಬಡಿಸುವ ಹೊತ್ತಿಗೆ ಎರಡು ಗುಂಪಾಗಿರುತ್ತದೆ. ನನಗೆ ಬೇಕಾಗಿದ್ದದ್ದು ಮೂರನೆಯವರ ಅಭಿಪ್ರಾಯ ಅಲ್ಲ. ಅವತ್ತು ಆ ಮನುಷ್ಯ ನಿಜಕ್ಕೂ ಏನು ಹೇಳಿದ, ಅದರ ಹಿಂದೆ ಮುಂದೆ ಏನಿತ್ತು, ಅಷ್ಟೇ ಬೇಕಾಗಿತ್ತು. ಅದು ಸಿಕ್ಕಿದ್ದು ಇಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1979ರ ಮಾರ್ಚ್ 19ರಂದು ಅಮೆರಿಕದ ಕೆಳಮನೆ, ಅಂದರೆ ಹೌಸ್ ಕಲಾಪದ ನಿತ್ಯ ನೇರ ಪ್ರಸಾರ ಟಿವಿಯಲ್ಲಿ ಶುರುವಾಯಿತು. ಅವತ್ತು ಮೊದಲು ಮಾತಾಡಿದವರು ಟೆನೆಸ್ಸಿಯ ಯುವ ಸದಸ್ಯ ಅಲ್ ಗೋರ್. ಇದನ್ನು ಕಟ್ಟಿದವರು ಇಂಡಿಯಾನಾ ರಾಜ್ಯದ ಲಫಾಯೆಟ್ ಊರಿನ ಬ್ರಯನ್ ಲ್ಯಾಂಬ್. ಸರ್ಕಾರದ ಹಣವಿಲ್ಲ, ಕೇಬಲ್ ಕಂಪನಿಗಳು ಪ್ರತಿ ಚಂದಾದಾರನ ಲೆಕ್ಕದಲ್ಲಿ ಕೊಡುವ ಕೆಲವೇ ಸೆಂಟ್‌ಗಳಿಂದ ನಡೆದು ಬಂದ ಸಂಸ್ಥೆ. ಮೇಲ್ಮನೆಯಾದ ಸೆನೆಟ್ ಕ್ಯಾಮೆರಾಕ್ಕೆ ಒಪ್ಪಿದ್ದು 1986ರಲ್ಲಿ. ಲ್ಯಾಂಬ್ ಓದಿದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಈ ದೃಶ್ಯಗಳ ಸಂಗ್ರಹ ಶುರುವಾಯಿತು, 2010ರಲ್ಲಿ ಅದನ್ನು ಎಲ್ಲರಿಗೂ ಆನ್‌ಲೈನ್‌ನಲ್ಲಿ ತೆರೆದರು. ಒಬ್ಬ ಸೆನೆಟರ್ ಹೆಸರು ಹಾಕಿ ವರ್ಷ ಆರಿಸಿಕೊಂಡರೆ ಅವರ ಭಾಷಣ, ಸಮಿತಿ ಸಭೆ, ಪತ್ರಿಕಾಗೋಷ್ಠಿ ಸಾಲಾಗಿ ಬರುತ್ತವೆ. ಕೆಳಗೆ ಓಡುವ ಅಕ್ಷರಗಳಲ್ಲಿ ಒಂದು ಪದ ಹುಡುಕಿ ನೇರ ಆ ಕ್ಷಣಕ್ಕೆ ಹೋಗಬಹುದು.

ಇದರ ಉಪಯೋಗ ನನಗೆ ಪೂರ್ತಿ ಮನದಟ್ಟಾಗಿದ್ದು 2025ರ ಅಕ್ಟೋಬರ್‌ನಲ್ಲಿ, ಬಜೆಟ್‌ಗೆ ಒಪ್ಪಿಗೆ ಸಿಗದೆ ಸರ್ಕಾರ ಬಾಗಿಲು ಹಾಕಿದಾಗ, ಅಂದರೆ ಶಟ್‌ಡೌನ್ ಆದಾಗ. ಒಬಾಮಕೇರ್, ಅಂದರೆ ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಿನಡಿ ಸಿಗುತ್ತಿದ್ದ ಹೆಚ್ಚುವರಿ ಸಹಾಯಧನ ವರ್ಷದ ಕೊನೆಗೆ ಮುಗಿಯಲಿತ್ತು. ನನ್ನ ಕೌಂಟರ್‌ಗೆ ಇನ್ಸುಲಿನ್‌ಗೆ ಬರುವವರು, ಮುಂದಿನ ವರ್ಷ ಪ್ರೀಮಿಯಂ ಎಷ್ಟಾಗುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದರು. ಡೆಮಾಕ್ರಾಟರು, ಆ ಸಹಾಯಧನ ಮುಂದುವರಿಸದಿದ್ದರೆ ಬಜೆಟ್‌ಗೆ ಓಟಿಲ್ಲ ಎಂದರು. ರಿಪಬ್ಲಿಕನ್ನರಾದ ಸ್ಪೀಕರ್ ಮೈಕ್ ಜಾನ್ಸನ್ ಮತ್ತು ಸೆನೆಟ್ ನಾಯಕ ಜಾನ್ ಥೂನ್, ಮೊದಲು ಸರ್ಕಾರ ತೆರೆಯಿರಿ, ಆಮೇಲೆ ಮಾತುಕತೆ, ದೇಶವನ್ನು ಒತ್ತೆ ಇಟ್ಟುಕೊಂಡು ಬೇಡಿಕೆ ಇಡಬೇಡಿ ಎಂದರು. 43 ದಿನ ಎಳೆಯಿತು. ಅಲ್ಲಿಯವರೆಗೆ ಈ ದೇಶ ಕಂಡ ಅತಿ ದೀರ್ಘ ಶಟ್‌ಡೌನ್ ಅದು.

ಆ ದಿನಗಳಲ್ಲೇ ಒಂದು ರಾತ್ರಿ ಕೂತು 2013ರ ಅಕ್ಟೋಬರ್‌ನ ವಿಡಿಯೋ ತೆಗೆದೆ. ಆಗಲೂ ಸರ್ಕಾರ ಮುಚ್ಚಿತ್ತು, 16 ದಿನ. ಆಗಲೂ ಕಾರಣ ಒಬಾಮಕೇರ್. ಆದರೆ ಪಾತ್ರಗಳು ಅದಲುಬದಲು. ಆ ಕಾನೂನಿಗೆ ಹಣ ನಿಲ್ಲಿಸದಿದ್ದರೆ ಬಜೆಟ್ ಇಲ್ಲ ಎಂದು ಪಟ್ಟು ಹಿಡಿದವರು ರಿಪಬ್ಲಿಕನ್ನರು. ಟೆಕ್ಸಸ್‌ನ ಸೆನೆಟರ್ ಟೆಡ್ ಕ್ರೂಜ್ ಅದಕ್ಕೂ ಮೊದಲು, ಸೆಪ್ಟೆಂಬರ್ 24ರಿಂದ 25ರವರೆಗೆ, 21 ಗಂಟೆಗೂ ಹೆಚ್ಚು ಹೊತ್ತು ನಿಂತು ಮಾತಾಡಿದ್ದರು. ಅಧ್ಯಕ್ಷ ಒಬಾಮಾ ಮತ್ತು ಸೆನೆಟ್‌ನ ಡೆಮಾಕ್ರಾಟ್ ನಾಯಕ ಹ್ಯಾರಿ ರೀಡ್ ಹೇಳಿದ್ದೇನು? ಮೊದಲು ಸರ್ಕಾರ ತೆರೆಯಿರಿ, ಆಮೇಲೆ ಮಾತುಕತೆ, ಒತ್ತೆಹಣ ಕೊಟ್ಟು ಸರ್ಕಾರ ನಡೆಸುವುದಿಲ್ಲ. ಎರಡು ಕಿಟಕಿಗಳಲ್ಲಿ ಎರಡು ವರ್ಷಗಳನ್ನು ತೆರೆದಿಟ್ಟು ಕೇಳಿದರೆ ಪಕ್ಷದ ಹೆಸರನ್ನಷ್ಟೇ ಬದಲಿಸಿ ಅದೇ ಕಾಗದ ಓದುತ್ತಿದ್ದಾರೆ ಅನ್ನಿಸುತ್ತದೆ.

ಎರಡೂ ಸಂದರ್ಭ ಒಂದೇ ಎಂದು ನಾನು ಹೇಳುತ್ತಿಲ್ಲ. ಜಾರಿಗೆ ಬಂದ ಕಾನೂನನ್ನು ನಿಲ್ಲಿಸುವುದು ಬೇರೆ, ಮುಗಿಯುತ್ತಿರುವ ಸಹಾಯಧನ ಉಳಿಸುವುದು ಬೇರೆ. ಔಷಧಿ ಅಂಗಡಿಯಲ್ಲಿ ನಿಂತವಳಿಗೆ ಎರಡನೆಯದು ಹೆಚ್ಚು ನ್ಯಾಯವಾಗಿ ಕಾಣುತ್ತದೆ, ಮುಚ್ಚಿಡುವುದೇನೂ ಇಲ್ಲ. ಆದರೆ ಎರಡೂ ಪಕ್ಷದವರು ಆಗ ಮಾತಾಡಿದ್ದು ಬೇಡಿಕೆ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. ಬೇಡಿಕೆಗಾಗಿ ಸರ್ಕಾರ ಮುಚ್ಚುವ ದಾರಿಯೇ ಪ್ರಜಾಪ್ರಭುತ್ವಕ್ಕೆ ದ್ರೋಹ ಎಂದಿದ್ದರು. ಅದು ಒಂದು ವರ್ಷ ದ್ರೋಹವಾಗಿ ಇನ್ನೊಂದು ವರ್ಷ ಧೈರ್ಯವಾಗಲು ಸಾಧ್ಯವಿಲ್ಲ. ಈ ಮಾತನ್ನು ಫಾಕ್ಸ್ ತನ್ನ ವೀಕ್ಷಕರಿಗೆ ಹೇಳುವುದಿಲ್ಲ, ಎಂಎಸ್ ನೌ ಕೂಡ ತನ್ನವರಿಗೆ ಹೇಳುವುದಿಲ್ಲ. ಇಬ್ಬರೂ ಹಳೆಯ ತುಣುಕು ಹಾಕುತ್ತಾರೆ, ಆದರೆ ಯಾವಾಗಲೂ ಎದುರು ಪಕ್ಷದ್ದು.

ಸುಪ್ರೀಂ ಕೋರ್ಟ್ ಕುರ್ಚಿಗಳ ಕಥೆ ಇನ್ನೂ ಖಾರ. 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಅದೇ ದಿನ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್, ಮುಂದಿನ ನ್ಯಾಯಮೂರ್ತಿಯ ಆಯ್ಕೆಯಲ್ಲಿ ಜನರ ದನಿ ಇರಬೇಕು, ಹೊಸ ಅಧ್ಯಕ್ಷರು ಬರುವವರೆಗೆ ಸ್ಥಾನ ತುಂಬಬಾರದು ಎಂದರು. ಒಬಾಮಾ ಸೂಚಿಸಿದ ಮೆರಿಕ್ ಗಾರ್ಲೆಂಡ್ ಅವರಿಗೆ ಒಂದು ವಿಚಾರಣೆಯೂ ಸಿಗಲಿಲ್ಲ. ಮಾರ್ಚ್ 10ರ ನ್ಯಾಯಾಂಗ ಸಮಿತಿ ಸಭೆಯಲ್ಲಿ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ, ರಿಪಬ್ಲಿಕನ್ ಅಧ್ಯಕ್ಷರ ಮೊದಲ ಅವಧಿಯ ಕೊನೆ ವರ್ಷ ಇಂಥ ಸ್ಥಾನ ಖಾಲಿಯಾದರೆ ನನ್ನ ಈ ಮಾತನ್ನೇ ನನ್ನ ವಿರುದ್ಧ ಬಳಸಿ ಎಂದು ಎದುರಿಗಿದ್ದವರಿಗೆ ತಾವೇ ಹೇಳಿದರು. 2020ರ ಸೆಪ್ಟೆಂಬರ್ 18ರಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡರು. ಅಕ್ಟೋಬರ್ 26ಕ್ಕೆ, ಚುನಾವಣೆಗೆ ಎಂಟು ದಿನ ಇರುವಾಗ, ಏಮಿ ಕೋನಿ ಬ್ಯಾರೆಟ್ 52-48 ಓಟಿನಿಂದ ಆ ಕುರ್ಚಿಗೆ ಬಂದರು. ವಿಚಾರಣೆ ನಡೆಸಿದ ಸಮಿತಿಯ ಅಧ್ಯಕ್ಷರು ಅದೇ ಲಿಂಡ್ಸೆ ಗ್ರಹಾಂ.

ಗಂಡನಿಗೆ ಇದನ್ನು ತೋರಿಸಿದಾಗ ಅವರು ಸುಮ್ಮನಾಗಲಿಲ್ಲ, 1992ರ ಜೂನ್ 25 ಹುಡುಕು ಎಂದರು. ಹುಡುಕಿದೆ. ಸೆನೆಟರ್ ಜೋ ಬೈಡನ್, ಚುನಾವಣೆಯ ಗಲಾಟೆ ಮುಗಿಯುವವರೆಗೆ ಅಧ್ಯಕ್ಷ ಬುಷ್ ಯಾರನ್ನೂ ಸೂಚಿಸಬಾರದು ಎಂದು ಸೆನೆಟ್‌ನಲ್ಲಿ ಹೇಳುತ್ತಿದ್ದಾರೆ. 2016ರಲ್ಲಿ ರಿಪಬ್ಲಿಕನ್ನರು ಇದನ್ನೇ ಬೈಡನ್ ನಿಯಮ ಎಂದು ಎತ್ತಿ ಹಿಡಿದಿದ್ದರು. ಆದರೆ ಭಾಷಣ ಪೂರ್ತಿ ಕೇಳಿದರೆ, ಅಧ್ಯಕ್ಷರು ಸೆನೆಟ್ ಜೊತೆ ಸಮಾಲೋಚಿಸಿದರೆ, ಅಥವಾ ಮಧ್ಯಮ ನಿಲುವಿನವರನ್ನು ಸೂಚಿಸಿದರೆ ತಾನು ಬೆಂಬಲಿಸಬಹುದು ಎಂದೂ ಮುಂದೆ ಹೇಳಿದ್ದು ಸಿಗುತ್ತದೆ. ಆಗ ಖಾಲಿ ಕುರ್ಚಿಯೂ ಇರಲಿಲ್ಲ. ತುಣುಕಿನಲ್ಲಿ ಬಾರದ ಇಂಥ ಭಾಗಕ್ಕಾಗಿಯೇ ನಾನು ಈ ಲೈಬ್ರರಿಯನ್ನು ಮೆಚ್ಚುವುದು. ಈ ವಿಷಯದಲ್ಲಿ ನನ್ನ ತೀರ್ಪು ಸ್ಪಷ್ಟ: 2016ರಲ್ಲಿ ಓಟು ಹಾಕಿ ಎಂದು, 2020ರಲ್ಲಿ ಕಾಯಿರಿ ಎಂದು ಡೆಮಾಕ್ರಾಟರೂ ಮಾತು ತಿರುಗಿಸಿದರು. ಆದರೆ ತಿರುಗಿಸಿದ ಮಾತಿನಿಂದ ಕುರ್ಚಿ ಗಳಿಸಿದವರು ರಿಪಬ್ಲಿಕನ್ನರು. ಅದರ ತೂಕ ಹೆಚ್ಚು.

ಫಿಲಿಬಸ್ಟರ್, ಅಂದರೆ 60 ಓಟಿಲ್ಲದೆ ಚರ್ಚೆ ಮುಗಿಸದಂತೆ ಅಲ್ಪಮತದವರು ತಡೆಯಬಲ್ಲ ಸೆನೆಟ್ ನಿಯಮದ ವಿಷಯದಲ್ಲಿ ಮೊದಲು ಕೈ ಹಾಕಿದವರು ಡೆಮಾಕ್ರಾಟರು. 2005ರ ಏಪ್ರಿಲ್‌ನಲ್ಲಿ ಸೆನೆಟರ್ ಒಬಾಮಾ, ಬಹುಮತದ ಬಲದಿಂದ ಆ ನಿಯಮ ಮುರಿದರೆ ಕಹಿ ಇನ್ನೂ ಹೆಚ್ಚುತ್ತದೆ ಎಂದು ಎಚ್ಚರಿಸಿದ್ದರು. 2013ರ ನವೆಂಬರ್ 21ರಂದು ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಿಗೆ ಹ್ಯಾರಿ ರೀಡ್ ಅದನ್ನು ಮುರಿದಾಗ ಅಧ್ಯಕ್ಷ ಒಬಾಮಾ ಬೆಂಬಲಿಸಿದರು. ಇದಕ್ಕೆ ಬೇಗನೆ ಪಶ್ಚಾತ್ತಾಪ ಪಡುತ್ತೀರಿ ಎಂದು ಅವತ್ತು ಗುಡುಗಿದ ಮೆಕಾನೆಲ್, 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೇಮಕಕ್ಕೂ ಅದನ್ನೇ ಮಾಡಿದರು.

ಇಂಪೀಚ್‌ಮೆಂಟ್, ಅಂದರೆ ಅಧ್ಯಕ್ಷರ ಮೇಲಿನ ಮಹಾಭಿಯೋಗದಲ್ಲೂ ಹಾಗೆಯೇ. 2019ರಲ್ಲಿ ಡೆಮಾಕ್ರಾಟ್ ಸ್ಪೀಕರ್ ನ್ಯಾನ್ಸಿ ಪೆಲೋಸಿ ಸದನದ ಓಟಿಲ್ಲದೆ ಟ್ರಂಪ್ ವಿರುದ್ಧ ತನಿಖೆ ಘೋಷಿಸಿದಾಗ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿ ಅದು ಸಲ್ಲದು ಎಂದರು. 2023ರ ಸೆಪ್ಟೆಂಬರ್ 12ರಂದು ಸ್ಪೀಕರ್ ಆಗಿದ್ದ ಅವರೇ ಓಟಿಲ್ಲದೆ ಬೈಡನ್ ವಿರುದ್ಧ ತನಿಖೆ ಘೋಷಿಸಿದರು. ಇಲ್ಲಿ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು ಡೆಟ್ರಾಯಿಟ್‌ನಿಂದ ಹೌಸ್‌ಗೆ ಗೆದ್ದ ಡೆಮಾಕ್ರಾಟ್ ಶ್ರೀ ಠಾಣೇದಾರ್ ಅವರನ್ನೂ ನೆನೆಯಬೇಕು. 2025ರಲ್ಲಿ ಅವರು ಟ್ರಂಪ್ ವಿರುದ್ಧ ಇಂಪೀಚ್‌ಮೆಂಟ್ ಮಂಡಿಸಿ ಓಟಿಗೆ ಒತ್ತಾಯಿಸಲು ಹೊರಟಾಗ ಸ್ವಂತ ಪಕ್ಷದ ನಾಯಕರೇ ಜೊತೆಗೆ ನಿಲ್ಲಲಿಲ್ಲ, ಓಟಿನ ಪ್ರಯತ್ನ ಕೈಬಿಟ್ಟರು. ತನ್ನವರನ್ನು ತಾನೇ ತಡೆಯುವ ಪಕ್ಷವೂ ಇರುತ್ತದೆ ಅನ್ನುವುದನ್ನು ನಮ್ಮ ಮಿಷಿಗನ್ ಕನ್ನಡಿಗರು ಗಮನಿಸಲಿ.

ಮಾಧ್ಯಮದವರ ಪಕ್ಷಪಾತ ಅಳೆಯಲೂ ಇದು ಸಹಾಯ ಮಾಡುತ್ತದೆ. 2024ರ ಜೂನ್ 27ರ ಅಟ್ಲಾಂಟಾ ಚರ್ಚೆಗೆ ಮೊದಲು, ಬೈಡನ್ ತಡವರಿಸುವ ತುಣುಕುಗಳು ಬಂದಾಗ ಶ್ವೇತಭವನ ಅವನ್ನು ಕತ್ತರಿಸಿ ತಿರುಚಿದ್ದು ಎಂದು ತಳ್ಳಿಹಾಕಿತು, ಉದಾರವಾದಿ ಚಾನೆಲ್‌ಗಳಲ್ಲಿ ಅನೇಕರು ಅದೇ ಸಮಜಾಯಿಷಿಯನ್ನು ದಾಟಿಸಿದರು. ಬೈಡನ್ ಹೆಜ್ಜೆ ತಪ್ಪಿದರೆ ದಿನವಿಡೀ ತೋರಿಸುವ ಬಲಪಂಥೀಯ ಚಾನೆಲ್‌ಗಳು ಟ್ರಂಪ್ ಹೆಸರುಗಳನ್ನು ಅದಲುಬದಲು ಮಾಡಿದಾಗ ಅಷ್ಟು ಕಾಳಜಿ ತೋರಲಿಲ್ಲ. ಇಬ್ಬರ ಪೂರ್ತಿ ಭಾಷಣಗಳೂ ಲೈಬ್ರರಿಯಲ್ಲಿವೆ. ನಾನು ಇಬ್ಬರದ್ದೂ ಕೇಳಿದೆ, ಇಬ್ಬರ ವಯಸ್ಸೂ ಕೇಳಿಸಿತು.

ಚಾನೆಲ್‌ನಲ್ಲಿ ತಪ್ಪದೆ ನೋಡಬೇಕಾದ್ದು 1995ರಿಂದ ಪ್ರತಿ ಬೆಳಿಗ್ಗೆ ಏಳಕ್ಕೆ ಬರುವ ವಾಷಿಂಗ್ಟನ್ ಜರ್ನಲ್. ಡೆಮಾಕ್ರಾಟರಿಗೊಂದು, ರಿಪಬ್ಲಿಕನ್ನರಿಗೊಂದು, ಸ್ವತಂತ್ರರಿಗೊಂದು ಫೋನ್ ನಂಬರ್. ನಿರೂಪಕರು ತಮ್ಮ ಅಭಿಪ್ರಾಯ ಹೇಳುವುದಿಲ್ಲ. ಒಬ್ಬರು 30 ದಿನಕ್ಕೆ ಒಂದೇ ಸಲ ಕರೆ ಮಾಡಬಹುದು. 2025ರ ಶಟ್‌ಡೌನ್ ನಡುವೆ ಸ್ಪೀಕರ್ ಜಾನ್ಸನ್ ಕೂತಿದ್ದಾಗ, ರಿಪಬ್ಲಿಕನ್ ಲೈನ್‌ನಲ್ಲಿ ಸೈನಿಕ ಕುಟುಂಬದ ತಾಯಿಯೊಬ್ಬಳು ಕರೆ ಮಾಡಿ, ಸಂಬಳ ಬಾರದಿದ್ದರೆ ನನ್ನ ಕಾಯಿಲೆಯ ಮಕ್ಕಳಿಗೆ ಔಷಧಿ ಸಿಗುವುದಿಲ್ಲ ಎಂದು ನೇರ ಅವರಿಗೇ ಹೇಳಿದಳು. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ತನ್ನದೇ ಪಕ್ಷದ ಸ್ಪೀಕರ್‌ಗೆ ಲೆಕ್ಕ ಕೇಳಿದ ಆ ಧ್ವನಿಯನ್ನು ಮಗಳಿಗೂ ಗಂಡನಿಗೂ ಒಟ್ಟಿಗೆ ಕೂರಿಸಿ ಕೇಳಿಸಿದೆ. ಇಬ್ಬರೂ ಕೊನೆವರೆಗೆ ಕೇಳಿದರು. ಆದರೆ ಈ ಕಾರ್ಯಕ್ರಮದಲ್ಲಿ ಕರೆ ಮಾಡಿದವರು ಹೇಳುವ ಅಪ್ಪಟ ಸುಳ್ಳುಗಳೂ ಎಷ್ಟೋ ಸಲ ತಿದ್ದುಪಡಿಯಿಲ್ಲದೆ ಹಾದುಹೋಗುತ್ತವೆ. ಹೊಸಬರು ಇಲ್ಲಿಂದ ಶುರು ಮಾಡಬೇಡಿ.

ಈಗ ಆ ಅರ್ಧ ನಕ್ಷತ್ರ. ಹೌಸ್ ಮತ್ತು ಸೆನೆಟ್ ಸಭಾಂಗಣದ ಕ್ಯಾಮೆರಾಗಳು ಸಿ-ಸ್ಪ್ಯಾನ್‌ನವಲ್ಲ, ಸದನಗಳವು. ಏನು ತೋರಿಸಬೇಕು ಎಂದು ಅಧಿಕಾರದಲ್ಲಿರುವವರು ತೀರ್ಮಾನಿಸುತ್ತಾರೆ. 1984ರಲ್ಲಿ ರಿಪಬ್ಲಿಕನ್ ಸದಸ್ಯ ನ್ಯೂಟ್ ಗಿಂಗ್ರಿಚ್ ಮತ್ತು ಸಂಗಡಿಗರು ದಿನದ ಕಲಾಪ ಮುಗಿದ ಮೇಲೆ ಡೆಮಾಕ್ರಾಟರ ಮೇಲೆ ಭಾಷಣ ಬಿಗಿಯುತ್ತಿದ್ದರು. ಕ್ಯಾಮೆರಾ ಭಾಷಣಕಾರನನ್ನಷ್ಟೇ ತೋರಿಸುತ್ತಿದ್ದುದರಿಂದ ಎದುರಿನವರು ಉತ್ತರವಿಲ್ಲದೆ ಕೂತಂತೆ ಮನೆಯಲ್ಲಿದ್ದವರಿಗೆ ಅನ್ನಿಸುತ್ತಿತ್ತು. ಡೆಮಾಕ್ರಾಟ್ ಸ್ಪೀಕರ್ ಟಿಪ್ ಓನೀಲ್ ಮುನ್ಸೂಚನೆ ಕೊಡದೆ ಕ್ಯಾಮೆರಾ ತಿರುಗಿಸಲು ಹೇಳಿ ಖಾಲಿ ಕುರ್ಚಿಗಳನ್ನು ತೋರಿಸಿದರು. ಖಾಲಿ ಸದನ ತೋರಿಸಿದ್ದು ಸತ್ಯವನ್ನೇ, ಆದರೆ ನಿಯಮ ಬದಲಾದದ್ದು ಎದುರಾಳಿ ಮಾತಾಡುವಾಗ. 2023ರ ಜನವರಿಯಲ್ಲಿ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತಿನ ಓಟು ಬೇಕಾದಾಗ ಸಿ-ಸ್ಪ್ಯಾನ್ ತನ್ನದೇ ಕ್ಯಾಮೆರಾ ಬಳಸಿತು. ಯಾರು ಯಾರ ಹತ್ತಿರ ಹೋಗಿ ಪಿಸುಗುಟ್ಟಿದರು, ಯಾರು ಸಿಟ್ಟಾದರು, ಎಲ್ಲ ಕಂಡಿತು. ಆ ಸ್ವಾತಂತ್ರ್ಯವನ್ನು ಕಾಯಂ ಆಗಿ ಕೊಡಿ ಎಂದು ಅವರು ಹಿಂದೆ ಪೆಲೋಸಿಯವರನ್ನು ಕೇಳಿದ್ದರು, ಜಾನ್ ಬೇನರ್ ಅವರನ್ನೂ ಕೇಳಿದ್ದರು. ಎರಡೂ ಪಕ್ಷದ ಸ್ಪೀಕರ್‌ಗಳೂ ಇಲ್ಲ ಎಂದರು. ಇದು ಸಂಸ್ಥೆಯ ತಪ್ಪಲ್ಲ, ಆದರೆ ನೋಡುವವರ ನಷ್ಟ.

ಇನ್ನೊಂದು ಸಣ್ಣ ಎಚ್ಚರಿಕೆ: ವಿಡಿಯೋ ಜೊತೆ ಬರುವ ಬರಹರೂಪ ತಿದ್ದದ ಕ್ಯಾಪ್ಶನ್. ಹೆಸರುಗಳು, ಅಂಕಿಗಳು ತಪ್ಪಾಗಿರುತ್ತವೆ. ಯಾರಿಗಾದರೂ ಉಲ್ಲೇಖಿಸುವ ಮೊದಲು ಕಿವಿಯಿಂದ ಕೇಳಿ ಖಚಿತ ಮಾಡಿಕೊಳ್ಳಿ.

ಜನ ಕೇಬಲ್ ಬಿಡುತ್ತಿರುವುದರಿಂದ ಈ ಸಂಸ್ಥೆಯ ಆದಾಯ ಕರಗುತ್ತಿದೆ. ಕೇಬಲ್ ಇಲ್ಲದವರು ಸಿ-ಸ್ಪ್ಯಾನ್ ನೌ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ, ಕಾಂಗ್ರೆಸ್ ಕಲಾಪ ಅಲ್ಲೇ ನೇರ ಬರುತ್ತದೆ. ಸಂಸ್ಥೆ ದೇಣಿಗೆಯನ್ನೂ ತೆಗೆದುಕೊಳ್ಳುತ್ತದೆ, ಆಗುವವರು ಕೊಡಿ. ಲೈಬ್ರರಿಗೆ ಹೊಸಬರಾದರೆ ನಿಮಗೆ ಅತ್ಯಂತ ಮೆಚ್ಚಿನ ನಾಯಕರ ಹೆಸರನ್ನೇ ಮೊದಲು ಹಾಕಿ. ಅವರ ಪಕ್ಷ ಅಧಿಕಾರದಲ್ಲಿದ್ದ ಒಂದು ವರ್ಷ, ಇಲ್ಲದಿದ್ದ ಒಂದು ವರ್ಷ ಆರಿಸಿಕೊಂಡು, ಸರ್ಕಾರದ ಸಾಲದ ಮಿತಿಯ ಬಗ್ಗೆಯೋ ಶಟ್‌ಡೌನ್ ಬಗ್ಗೆಯೋ ಎರಡು ಭಾಷಣ ಪೂರ್ತಿ ಕೇಳಿ. ಎದುರು ಪಕ್ಷದವರ ಸರದಿ ಆಮೇಲೆ.